ಸೀಗಡಿಗಳ ಉಪವಾಸ

ಬೆಳಗ್ಗೆ ಹೊಂಡದ ದಂಡೆಗೆ ಬಂದ ಅಕ್ಕನಾಗಮ್ಮ ಗಕ್ಕನೆ ನಿಂತಳು. ನೀರಿನ ಅಂಚಿನಲ್ಲಿ ಐದು ಸೀಗಡಿ ಬಿದ್ದಿದ್ದವು. ಮೀಸೆ ಇತ್ತು, ಕಾಲುಗಳಿದ್ದವು, ಕಣ್ಣಿನ ಜಾಗದಲ್ಲಿ ಕಣ್ಣಿನ ಗುರುತೂ ಇತ್ತು. ಆದರೆ ಹೊಟ್ಟೆಯೊಳಗೆ ಏನೂ ಇರಲಿಲ್ಲ. ಕಡ್ಡಿಯಿಂದ ತಿರುವಿ ಹಾಕಿದರೆ ಆಚೆಯ ಕೆಸರು ಈಚೆಗೆ ಕಾಣುತ್ತಿತ್ತು. ಸತ್ತರೆ ಜೀವ ಹೋಗುವುದು ಸರಿ, ಒಳಗಿನ ಮಾಂಸವೆಲ್ಲ ಎಲ್ಲಿಗೆ ಹೋಯಿತು? ಎಮ್ಮೆ, ಆಕಳು, ನಾಯಿ, ಬೆಕ್ಕು, ಯಾವುದೂ ಹೀಗೆ ಸತ್ತದ್ದನ್ನು ಐವತ್ತೆರಡು ವರ್ಷದಲ್ಲಿ ಅವಳು ಕಂಡಿರಲಿಲ್ಲ.

“ಅಯ್ಯೋ ಶಿವನೇ, ಲೋಕಮ್ಮಗೆ ಏನಂತ ಹೇಳ್ಲಿ?” ಎನ್ನುತ್ತ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು.

ಹೊಂಡ ಅಕ್ಕನಾಗಮ್ಮನದು, ಸೀಗಡಿ ಲೋಕಮ್ಮನವು. ತೊಗರ್ಸಿಯಿಂದ ಎರಡು ಮೈಲಿ ಈಚೆಗಿರುವ ಆ ಊರಿನಲ್ಲಿ ಲೋಕಮ್ಮನಿಗೆ ಒಂದು ಗುಂಟೆ ಜಮೀನಿಲ್ಲ. ಇಪ್ಪತ್ತು ವರ್ಷದಿಂದ ಅಕ್ಕನಾಗಮ್ಮನ ಹೊಲದಲ್ಲೇ ಕಳೆ ಕಿತ್ತು, ಮೆಕ್ಕೆಜೋಳ ಮುರಿದು ಬದುಕಿದವಳು. ಶಿಕಾರಿಪುರದಲ್ಲಿ ಮೂರು ದಿನ ಸಿಹಿನೀರು ಸೀಗಡಿ ಸಾಕುವ ತರಬೇತಿ ಕೊಡುತ್ತಾರೆಂದು ಹೋಗಿ ಬಂದವಳಿಗೆ ಅದೊಂದು ಹುಚ್ಚೇ ಹಿಡಿಯಿತು. “ಅಕ್ಕಾ, ನಿಮ್ಮ ಹೊಂಡ ಸುಮ್ನೆ ಬಿದ್ದೈತಿ, ನನಗೆ ಕೊಡ್ರಿ. ಬಂದಿದ್ದರಾಗೆ ಅರ್ಧ ನಿಮಗೆ,” ಎಂದು ದುಂಬಾಲು ಬಿದ್ದಳು.

ಅಕ್ಕನಾಗಮ್ಮನದು ಕೊರಳಲ್ಲಿ ಲಿಂಗ ಕಟ್ಟುವ ಮನೆ. ಮೀನು ಮಾಂಸವೆಂದರೆ ಮೂಗು ಮುಚ್ಚುವ ಮಂದಿ. ಆದರೂ ಅವಳು ಗಂಡ ಸದಾಶಿವಪ್ಪನ ಬೆನ್ನು ಬಿದ್ದು ಒಪ್ಪಿಸಿದಳು. ಅವನು ಒಪ್ಪಿದ್ದೂ ಅರ್ಧ ಮನಸ್ಸಿನಿಂದಲೇ. “ಒಂದು ಬೆಳೆ ನೋಡಾಣ. ಕೆಟ್ಟಿತೋ, ಹೊಂಡ ಶುಂಠಿ ತೊಳೆಯಾಕೆ. ಆಮೇಲೆ ಲೋಕಮ್ಮ ಅಂತ ನನ್ನ ಮುಂದೆ ಬರಬಾರದು,” ಎಂದಿದ್ದ. ಆ ಒಂದು ಬೆಳೆಯ ಮೇಲೆ ಲೋಕಮ್ಮನ ಜೀವ ನಿಂತಿತ್ತು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೂರು ಸಾವಿರ ಮರಿಗಳನ್ನು ನೀರಿಗೆ ಬಿಟ್ಟ ದಿನ ಅವಳು ಕೂಲಿಗೆ ಹೋಗದೆ ಇಡೀ ದಿನ ದಂಡೆಯಲ್ಲಿ ಕುಳಿತಿದ್ದಳು. ತನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಸಿಕ್ಕ ಮೊದಲ ವಸ್ತು ಅದು.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಲೋಕಮ್ಮ ಸೊರಬಕ್ಕೆ ಕೊಟ್ಟ ಮಗಳು ಧನಲಕ್ಷ್ಮಿಗೆ ದಿನ ತುಂಬಿತು. ಹೆರಿಗೆಗೆಂದು ಅಲ್ಲಿಗೆ ಹೊರಡುವ ಮುಂಚೆ ಲೋಕಮ್ಮ ಸೀಗಡಿ ತಿಂಡಿಯ ಚೀಲವನ್ನೂ ಮೂರು ಡಬ್ಬಿಗಳನ್ನೂ ಅಕ್ಕನಾಗಮ್ಮನ ಕೈಗೆ ಒಪ್ಪಿಸಿದಳು.

“ಇದು ಎಲುಬಿನ ಪುಡಿ, ಮೈ ಗಟ್ಟಿ ಆಗಾಕೆ. ಇದು ಹೊಟ್ಟೆ ಪುಡಿ, ತಿಂದಿದ್ದು ಅರಗಾಕೆ. ಇದು ಅಂಟು. ಕೇಜಿ ತಿಂಡಿಗೆ ಒಂದೊಂದು ಚಮಚ ಪುಡಿ ಹಾಕಿ, ಅಂಟಿನ ನೀರು ಚಿಮುಕಿಸಿ, ನೆರಳಾಗೆ ಅರ್ಧ ತಾಸು ಒಣಗಿಸಿ ಎರಚಬೇಕು. ಅಂಟು ಹಾಕದಿದ್ರೆ ಪುಡಿಯೆಲ್ಲ ನೀರಿಗೆ ಹೋಗ್ತತಿ, ಸೀಗಡಿ ಹೊಟ್ಟೆಗೆ ಹೋಗಲ್ಲ. ಸಂಜೆ ಮಾತ್ರ ತಟ್ಟೆ ಎತ್ತಿ ನೋಡ್ರಿ, ತಿಂದಾವೋ ಇಲ್ಲೋ ಗೊತ್ತಾಗ್ತತಿ.”

“ಎಲುಬೇ ಇಲ್ಲದ ಹುಳಕ್ಕೆ ಎಲುಬಿನ ಪುಡಿ ಯಾಕೆ?”

“ಹಾಕ್ರಿ ಅಕ್ಕಾ, ಬೆಳೀತಾವು,” ಎಂದು ನಕ್ಕು ಲೋಕಮ್ಮ ಬಸ್ಸು ಹತ್ತಿದ್ದಳು.

ಅಕ್ಕನಾಗಮ್ಮ ಅಷ್ಟನ್ನೂ ಮಾಡಿದಳು, ತಟ್ಟೆಯೊಂದನ್ನು ಬಿಟ್ಟು. ಹೊಂಡದೊಳಗೆ ಹಗ್ಗ ಕಟ್ಟಿ ಇಳಿಬಿಟ್ಟ ಜಾಲರಿ ತಟ್ಟೆಯನ್ನು ಮೊದಲ ಸಂಜೆ ಎತ್ತಿದ್ದಳು. ಹತ್ತಾರು ಸೀಗಡಿ ಅದರಲ್ಲಿ ಪಟಪಟ ಹಾರಿ, ಒಂದು ಅವಳ ಮುಂಗೈಗೆ ಬಡಿಯಿತು. ತಟ್ಟೆ ಬಿಟ್ಟು ಓಡಿದವಳು ಮನೆಯಲ್ಲಿ ತಲೆಗೆ ನೀರು ಹೊಯ್ದುಕೊಂಡೇ ಪೂಜೆಗೆ ಕುಳಿತಳು. ಅದಾದ ಮೇಲೆ ಆ ಹಗ್ಗದ ತಂಟೆಗೆ ಹೋಗಲಿಲ್ಲ. ನೀರೋ ಹಸಿರು ಪಾಚಿಯ ಬಣ್ಣ, ಒಳಗೆ ಏನು ನಡೆಯುತ್ತಿದೆಯೋ ದೇವರೇ ಬಲ್ಲ. ಹಾಗಾಗಿ ದಂಡೆಗೆ ಬಂದು ಬಿದ್ದದ್ದಷ್ಟೇ ಅವಳಿಗೆ ಕಾಣುತ್ತಿತ್ತು.

ಮಾರನೆಯ ದಿನ ಐದು ಹೋಗಿ ನಲವತ್ತಾದವು.

ಈಗ ಅವಳ ತಲೆ ನಿಜಕ್ಕೂ ಕೆಟ್ಟಿತು. ಕೇಜಿಗೆ ಒಂದು ಚಮಚ ಅಂದಳೋ, ಎರಡು ಅಂದಳೋ? ಮೊನ್ನೆ ಹಾಕಿದ್ದು ಎಲುಬಿನ ಪುಡಿಯೋ, ಹೊಟ್ಟೆ ಪುಡಿಯನ್ನೇ ಎರಡು ಸಲ ಹಾಕಿದೆನೋ? ಡಬ್ಬಿ ಮೂಸಿದಳು. ಒಂದು ಸುಣ್ಣದ ವಾಸನೆ, ಒಂದು ಹುಳಿಹಿಟ್ಟಿನ ವಾಸನೆ. ಮೇಲೆ ಬರೆದದ್ದೆಲ್ಲ ಇಂಗ್ಲಿಷು. ನಿನ್ನೆ ಅಮಾವಾಸ್ಯೆ ಬೇರೆ, ದೃಷ್ಟಿಯೇನಾದರೂ ತಗುಲಿತೋ? ಒಂದು ಅನುಮಾನ ಮುಗಿಯುವುದರೊಳಗೆ ಇನ್ನೊಂದು ಹುಟ್ಟುತ್ತಿತ್ತು. ಕೊನೆಗೆ ನಲವತ್ತನ್ನೂ ಕಡ್ಡಿಯಿಂದ ಮೊರಕ್ಕೆ ಎತ್ತಿ, ತಮ್ಮ ಮಂದಿಯಲ್ಲಿ ಸತ್ತವರನ್ನು ಹೂಳುವ ರೂಢಿಯಂತೆ ಹೊಂಗೆ ಮರದ ಬುಡದಲ್ಲಿ ಗುಂಡಿ ತೆಗೆದು ಹೂತಳು. ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸಿದಳು. ಸೀಗಡಿಗೆ ವಿಭೂತಿ ಸಲ್ಲುತ್ತದೋ ಇಲ್ಲವೋ ಅದೂ ಅವಳಿಗೆ ಗೊತ್ತಿರಲಿಲ್ಲ.

ಲೋಕಮ್ಮನಿಗೆ ಫೋನು ಹಚ್ಚಿದಳು. ಎತ್ತಿದ್ದು ಅಳಿಯ ಮಾಲತೇಶ್.

“ಅತ್ತೆ ಒಳಗಿದಾರೆ ಅಮ್ಮಾ. ಇವಳಿಗೆ ನೋವು ಶುರುವಾಗಿ ಆರು ತಾಸಾಯ್ತು, ಇನ್ನೂ ಆಗಿಲ್ಲ. ಏನಾದ್ರೂ ಅರ್ಜೆಂಟ್ ಇತ್ತಾ? ಕರೀಲಾ?”

“ಏನಿಲ್ಲಪ್ಪ, ಸುಮ್ನೆ ವಿಚಾರಿಸಾಣ ಅಂತ. ಕರೀಬೇಡ, ಕರೀಬೇಡ.”

ಫೋನಿಟ್ಟ ಮೇಲೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು. ಹೆತ್ತ ಕರುಳು ಸಂಕಟದಲ್ಲಿರುವಾಗ ಸೀಗಡಿಯ ಸುದ್ದಿ ಎತ್ತುವುದೇ? ಅಷ್ಟು ಕೆಟ್ಟವಳಲ್ಲ ತಾನು. ಹೇಗಾದರೂ ತಾನೇ ಸರಿಮಾಡಬೇಕು ಎಂದುಕೊಂಡಳು.

ದಂಡೆಗೆ ಹೊಸದಾಗಿ ಬಂದು ಬಿದ್ದ ಒಂದು ಸೀಗಡಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ, ಎಲೆಯನ್ನು ಪ್ಲಾಸ್ಟಿಕ್ಕಿಗೆ ಹಾಕಿ, ಪ್ಲಾಸ್ಟಿಕ್ಕನ್ನು ಕೈಚೀಲದಲ್ಲಿಟ್ಟು ಆನವಟ್ಟಿಗೆ ಹೋದಳು. ಬಸ್ಸಿನಲ್ಲಿ ಪಕ್ಕದವಳ ಸೀರೆಗೆ ತಗುಲದಂತೆ ಚೀಲವನ್ನು ಕಾಲಿನ ಸಂದಿಯಲ್ಲಿ ಹಿಡಿದುಕೊಂಡಿದ್ದಳು. ಅಲ್ಲಿ ಗೊಬ್ಬರ, ಔಷಧ, ಕೋಳಿ ಆಹಾರ, ದನದ ಹಿಂಡಿ ಎಲ್ಲ ಮಾರುವ ಮಹಾಂತೇಶನ ಅಂಗಡಿ. ಅವನೂ ಅವಳ ಕಡೆಯವನೇ, ದೂರದ ನಂಟ.

“ಸೀಗಡಿ ಸಾಯಾಕತ್ಯಾವು ಕಣೋ. ತಂದೀನಿ, ನೋಡು,” ಎಂದು ಚೀಲಕ್ಕೆ ಕೈಹಾಕಿದಳು.

“ಏ ಏ, ಬಿಚ್ಚಬೇಡ ಚಿಗವ್ವಾ! ಈಗಷ್ಟೇ ದೇವರಿಗೆ ಊದಿನಕಡ್ಡಿ ಹಚ್ಚೀನಿ,” ಎಂದು ಮಹಾಂತೇಶ್ ಹಿಂದೆ ಸರಿದ. “ಬಾಯಾಗೆ ಹೇಳು ಸಾಕು. ಹೆಂಗ ಸಾಯ್ತಾವು?”

“ಒಳಗೆ ಖಾಲಿ ಆಗಿ ಸಾಯ್ತಾವು.”

“ಖಾಲಿ ಅಂದ್ರೆ ಲಿವರ್ ತೊಂದ್ರೆ,” ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟು ಕೋಳಿಗೆ ಹಾಕುವ ಟಾನಿಕ್ಕಿನ ಬಾಟಲಿ ಇಳಿಸಿದ. ನಂತರ ಅದೂ ಸಂಶಯವಾಗಿ ಯಾವುದೋ ಕಂಪನಿಯ ಹುಡುಗನಿಗೆ ಫೋನು ಮಾಡಿದ. ಆ ಹುಡುಗ, ಖನಿಜ ಜಾಸ್ತಿಯಾಗಿದೆ, ನಿಲ್ಲಿಸಿ ಅಂದ. ಎರಡು ಮಾತಿನ ನಂತರ, ಖನಿಜ ಕಡಿಮೆಯಾಗಿದೆ, ನಮ್ಮ ಕಂಪನಿಯದನ್ನು ಹಾಕಿ ಅಂದ. ಹಿಂಡಿ ಕೊಳ್ಳಲು ಬಂದಿದ್ದ ಸುಬ್ಬಪ್ಪನೆಂಬವನು ಯಾರೂ ಕೇಳದಿದ್ದರೂ, “ಪಕ್ಕದ ಹೊಲದ್ದು ಕಳೆನಾಶಕ ಇಳಿದೈತಿ ಬಿಡ್ರಿ, ನಮ್ಮೂರಾಗೆ ಹಂಗೇ ಆತು,” ಎಂದು ತನ್ನದೊಂದು ಸೇರಿಸಿದ. ಅವರ ಊರಿನಲ್ಲಿ ಹೊಂಡವೇ ಇಲ್ಲವೆಂದು ಆಮೇಲೆ ತಿಳಿಯಿತು. ನೋಡಿ, ಮೂರು ಜನ ಗಂಡಸರು ಸೇರಿ ಅರ್ಧ ತಾಸು ರೋಗ ಹುಡುಕಿದರು. ಚೀಲದೊಳಗಿದ್ದ ಒಂದೇ ಒಂದು ಸಾಕ್ಷಿಯನ್ನು ಬಿಚ್ಚಿ ನೋಡಿದವರಿಲ್ಲ.

ಅಕ್ಕನಾಗಮ್ಮ ತಲೆಬುಡ ತಿಳಿಯದೆ ಟಾನಿಕ್ ಹಿಡಿದು ಮನೆಗೆ ಬಂದಳು. ಅಷ್ಟರಲ್ಲಿ ದಂಡೆಯ ತುಂಬ ಮತ್ತೆ ಅರವತ್ತು ಬಿದ್ದಿದ್ದವು.

ಬಾಟಲಿಯನ್ನು ಕೊಟ್ಟಿಗೆಯ ಮೂಲೆಗೆ ಒಗೆದಳು. ಮಂದಿಯ ಮಾತು ಕೇಳಿದ್ದು ಸಾಕು. ಸುತ್ತಲಿನ ನಾಲ್ಕು ಊರಲ್ಲಿ ಕರು ಹೊಟ್ಟೆ ಉಬ್ಬರಿಸಲಿ, ಎಮ್ಮೆ ಮೇವು ಬಿಡಲಿ, ಮೊದಲು ಕರೆ ಬರುವುದು ಯಾರಿಗೆ? ಅಕ್ಕನಾಗಮ್ಮನಿಗೆ. ಡಾಕ್ಟರು ಬರುವುದರೊಳಗೆ ದನ ಎದ್ದು ನಿಂತದ್ದೂ ಉಂಟು. ಅವಳ ಮದ್ದು ಯಾವತ್ತೂ ಒಂದೇ ರೀತಿ ಶುರುವಾಗುತ್ತಿತ್ತು: ಮೇವಿನ ಗೋದಲಿ ಖಾಲಿ ಮಾಡು, ಎರಡು ದಿನ ಹೊಟ್ಟೆಗೆ ಏನೂ ಹಾಕಬೇಡ. ತಿಂದದ್ದರಿಂದ ಬಂದದ್ದು ತಿನ್ನದಿದ್ದರೆ ಹೋಗುತ್ತದೆ. ದನಕ್ಕೆ ಆದದ್ದು ಸೀಗಡಿಗೆ ಯಾಕಾಗಬಾರದು? ಹೊಟ್ಟೆ ಅಂದ ಮೇಲೆ ಎಲ್ಲರದೂ ಹೊಟ್ಟೆಯೇ.

ತಿಂಡಿಯ ಚೀಲದ ಬಾಯಿ ಕಟ್ಟಿದಳು. ಪುಡಿಯೂ ಬಂದ್, ತಿಂಡಿಯೂ ಬಂದ್.

“ಏನು, ನಿನ್ನ ಸೀಗಡಿ ಸೋಮವಾರ ಹಿಡಿದಾವೇನು?” ಎಂದು ಸದಾಶಿವಪ್ಪ ಕಿಚಾಯಿಸಿದ.

“ಹೌದ್ರೀ, ನಿಮಗಿಂತ ಅವೇ ವಾಸಿ,” ಎಂದು ಅವಳು ಮುಖ ತಿರುಗಿಸಿದಳು. ಅವನಿಗೆ ನಿಜ ಹೇಳುವಂತಿರಲಿಲ್ಲ. ಹೇಳಿದರೆ ಆ ಕ್ಷಣವೇ ಶುಂಠಿಯ ಮಾತು ಎತ್ತುತ್ತಾನೆ. ತಾನೂ ಒಂದು ಹೊತ್ತಿನ ಊಟ ಬಿಟ್ಟಳು. ಮೂಕ ಜೀವಗಳನ್ನು ಹಸಿದಿರಿಸಿ ತಾನು ರೊಟ್ಟಿ ಮುರಿಯಲು ಮನಸ್ಸು ಬರಲಿಲ್ಲ.

ಉಪವಾಸದ ಮೊದಲ ದಿನ ಮೂವತ್ತು ಬಿದ್ದವು. ಎರಡನೆಯ ದಿನ ಹತ್ತು. ಅಕ್ಕನಾಗಮ್ಮನಿಗೆ ಹೋದ ಜೀವ ಬಂದಂತಾಯಿತು. ನೋಡು, ಹೇಳಲಿಲ್ಲವೇ ನಾನು, ಎಂದು ನೀರಿನ ಕಡೆ ನೋಡಿ ಗಟ್ಟಿಯಾಗಿಯೇ ಅಂದಳು. ಇನ್ನೊಂದು ದಿನ ತಡೆದರೆ ಪೂರ್ತಿ ವಾಸಿಯಾಗುತ್ತದೆಂದು ಮೂರನೆಯ ದಿನಕ್ಕೂ ಉಪವಾಸ ಮುಂದುವರಿಸಿದಳು.

ಆದರೆ ಮೂರನೆಯ ದಿನ ದಂಡೆಗೆ ಬಂದವು ಬೇರೆ ತರಹ ಇದ್ದವು. ಗಾಜಿನಂಥವಲ್ಲ. ಒಂದರ ತಲೆ ಮಾತ್ರ, ಇನ್ನೊಂದರ ಬಾಲ, ಬಿಳೀ ಮಾಂಸದ ಚೂರು. ಮತ್ತೆ ಇವು ನಾರುತ್ತಿದ್ದವು. ಆಗ ಅವಳಿಗೆ ಹೊಳೆಯಿತು: ಇಷ್ಟು ದಿನ ಹೂತವು ನಾರಿರಲೇ ಇಲ್ಲ. ನೂರೈವತ್ತು ಹೆಣ ಹೂತ ಜಾಗದಲ್ಲಿ ಒಂದು ನೊಣ ಕೂತಿರಲಿಲ್ಲ. ಸತ್ತವು ನಾರಲಿಲ್ಲ, ವಾಸಿಯಾದ ಮೇಲೆ ಬಿದ್ದವು ನಾರುತ್ತಿವೆ! ಇದೇನು ಮಾಯೆಯೋ ತಿಳಿಯದೆ ಅವಳು ತಲೆಯ ಮೇಲೆ ಸೆರಗು ಹೊದ್ದು ಹೊಂಡದ ಸುತ್ತ ಎರಡು ಸುತ್ತು ಹಾಕಿದಳು. ತೆಳು ನೀರಿನಲ್ಲಿ ಒಂದು ದೊಡ್ಡ ಸೀಗಡಿ ತನ್ನ ಉದ್ದನೆಯ ನೀಲಿ ಕೈಗಳಲ್ಲಿ ಇನ್ನೊಂದನ್ನು ಹಿಡಿದಿತ್ತು. ಸಿಕ್ಕಿಬಿದ್ದದ್ದು ಇನ್ನೂ ಬಾಲ ಆಡಿಸುತ್ತಿತ್ತು. ಆಟವೋ, ಜಗಳವೋ, ಸಂಸಾರವೋ? ನೋಡುತ್ತ ನಿಂತಳು. ದೊಡ್ಡದು ಬಾಯಿ ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡು ಮನೆಗೆ ನಡೆದಳು.

ಮರುದಿನ ಸೊರಬದಿಂದ ಬಂದ ಮೊದಲ ಬಸ್ಸಿಗೆ ಲೋಕಮ್ಮ ಇಳಿದಳು. ಬಟ್ಟೆ ಬರೆ ತೆಗೆದುಕೊಂಡು ಮಾರನೆಯ ದಿನವೇ ವಾಪಸ್ಸು ಹೋಗಬೇಕಿತ್ತು. ಮನೆಗೂ ಹೋಗದೆ ಸೀದಾ ಹೊಂಡದ ಹತ್ತಿರ ಬಂದಳು.

“ಹೆಣ್ಣು ಕೂಸು ಅಕ್ಕಾ! ಬಾಯಿ ತೆಗೀರಿ,” ಎಂದು ಸಕ್ಕರೆಯ ಪೊಟ್ಟಣ ಬಿಚ್ಚಿದಳು.

ಅಕ್ಕನಾಗಮ್ಮ ಬಾಯಿ ತೆರೆದಳು, ಆದರೆ ಅಳು ಬಂತು. “ಲೋಕಮ್ಮಾ, ನಿನ್ನ ಸೀಗಡಿ ಕೊಂದೆ ಕಣವ್ವಾ. ಪುಡಿ ಹೆಚ್ಚು ಕಮ್ಮಿ ಮಾಡಿ ಕೊಂದೆ. ನೂರೈವತ್ತು ಹೂತೀನಿ,” ಎಂದು ಹೊಂಗೆ ಮರದ ಕಡೆ ಕೈ ತೋರಿಸಿದಳು.

ಲೋಕಮ್ಮ ಬಿಳಿಚಿಕೊಂಡಳು. ಓಡಿ ಹೋಗಿ ಬರಿಗೈಯಲ್ಲಿ ಮಣ್ಣು ಕೆದರಿದಳು. ಒಂದನ್ನು ತೆಗೆದು ಬೆಳಕಿಗೆ ಹಿಡಿದಳು, ಇನ್ನೊಂದನ್ನು ತೆಗೆದಳು. ಆಮೇಲೆ ವಿಭೂತಿ ಮೆತ್ತಿದ ಆ ಸೀಗಡಿಯನ್ನು ಹಿಡಿದುಕೊಂಡು ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದು ನಗತೊಡಗಿದಳು. ನಗುನಗುತ್ತ ಅವಳ ಕಣ್ಣಲ್ಲೂ ನೀರು ಬಂತು.

“ಇವು ಸತ್ತವಲ್ಲ ಅಕ್ಕಾ! ಇದು ಸಿಪ್ಪೆ! ಹಾವು ಪೊರೆ ಬಿಡಲ್ಲೇನು, ಹಂಗೇ. ಮೈ ಬೆಳೀತು, ಹಳೇ ಚಿಪ್ಪು ಬಿಗಿ ಆತು, ಬಿಚ್ಚಿ ಒಗೆದಾವು. ನೀವು ಹಾಕಿದ ಪುಡಿ ಹತ್ತೈತಿ! ಇಷ್ಟು ಒಟ್ಟಿಗೆ ಬಿಟ್ಟಾವು ಅಂದ್ರೆ ಚೆನ್ನಾಗಿ ಬೆಳೆದಾವು!”

“ಸತ್ತಿಲ್ಲಾ?”

“ಒಂದೂ ಸತ್ತಿಲ್ಲ. ಅಂಗಿಗೆ ಮಣ್ಣು ಮಾಡೀರಿ ನೀವು!”

ಅಕ್ಕನಾಗಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಹುಚ್ಚರ ಹಾಗೆ ನಕ್ಕರು. ಲೋಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಆತು, ಮಾಮೂಲಿ ತಿಂಡಿ ಹಾಕೀರಲ್ಲ?” ಎಂದಳು.

“ಇಲ್ಲ. ಮೂರು ದಿನ ಉಪವಾಸ ಹಾಕಿದ್ದೆ.”

ಲೋಕಮ್ಮನ ನಗು ಅಲ್ಲೇ ನಿಂತಿತು.

“ಮೂರು ದಿನ? ಚಿಪ್ಪು ಬಿಟ್ಟ ಮೇಲಾ?”

ಅವಳು ಸೀರೆ ಎತ್ತಿ ಕಟ್ಟಿ, ದಂಡೆಯ ಮೇಲಿನ ಗುಡಿಸಲಿಂದ ಬೀಸುಬಲೆ ತಂದು ನೀರಿಗಿಳಿದಳು. ಹೋದ ವಾರ ಒಂದು ಸಲ ಬೀಸಿದರೆ ಹದಿನೈದು, ಇಪ್ಪತ್ತು ಬೀಳುತ್ತಿದ್ದವು. ಈಗ ಆರು ಬಿದ್ದವು. ಇನ್ನೊಂದು ಕಡೆ ಎಂಟು. ಮತ್ತೊಂದು ಕಡೆ ಏಳು. ಬಿದ್ದವುಗಳಲ್ಲಿ ಕೆಲವು ಕೊಬ್ಬಿದ್ದವು, ಉಳಿದವಕ್ಕೆ ಕಾಲಿಲ್ಲ, ಮೀಸೆಯಿಲ್ಲ.

“ಚಿಪ್ಪು ಬಿಟ್ಟಾಗ ಮೈ ಬೆಣ್ಣೆ ಇದ್ದಂಗೆ ಇರ್ತತಿ ಅಕ್ಕಾ,” ಎಂದಳು ಲೋಕಮ್ಮ, ನೀರಿನಲ್ಲೇ ನಿಂತು. “ಓಡಾಕಾಗಲ್ಲ, ಕಚ್ಚಾಕಾಗಲ್ಲ. ಉಳಿದವಕ್ಕೆ ಹೊಟ್ಟೆ ತುಂಬಿದ್ರೆ ಸುಮ್ನಿರ್ತಾವು. ಹಸಿದ್ರೆ ಮೆತ್ತಗಿದ್ದವನ್ನ ತಿಂತಾವು. ಅರ್ಧದಷ್ಟು ಹೋಗ್ಯಾವು.”

ಅಕ್ಕನಾಗಮ್ಮನಿಗೆ ನಿನ್ನೆ ಕಂಡದ್ದು ಕಣ್ಣಿಗೆ ಕಟ್ಟಿತು. ಬಾಯಿಗೆ ಸೆರಗು ಒತ್ತಿಕೊಂಡಳು. ಸತ್ತವೆಂದು ತಾನು ಅಂದುಕೊಂಡವು ಬದುಕಿದ್ದವು. ಬದುಕಿದ್ದವನ್ನು ತಾನು ಕೊಲ್ಲಿಸಿದ್ದಳು. ಹುಟ್ಟಿದಾಗಿನಿಂದ ಒಂದು ಇರುವೆಗೂ ತೊಂದರೆ ಕೊಡಬಾರದೆಂದು ಬದುಕಿದವಳು ತಾನು.

“ಇಪ್ಪತ್ತು ವರ್ಷ ನಿಮ್ಮ ಹೊಲದಾಗೆ ದುಡಿದೀನಿ,” ಎಂದಳು ಲೋಕಮ್ಮ. “ಗೊತ್ತಾಗದಿದ್ದಾಗ ಪ್ರತಿಯೊಂದೂ ನಿಮ್ಮನ್ನೇ ಕೇಳೀನಿ. ಮಗಳ ಜ್ವರಕ್ಕೂ ನಿಮ್ಮನ್ನೇ ಕೇಳೀನಿ. ನೀವು ಒಂದು ಮಾತು ನನ್ನ ಯಾಕೆ ಕೇಳಲಿಲ್ಲ?”

“ಹೆರಿಗೆ ನಡೀತಿತ್ತಲ್ಲ ಅಂತ...” ಎಂದು ಶುರುಮಾಡಿದ ಅಕ್ಕನಾಗಮ್ಮ ನಿಂತಳು. ಕೂಸು ಹುಟ್ಟಿ ಮೂರು ದಿನವಾಗಿತ್ತು. ಆ ಮೂರು ದಿನ ಫೋನು ಅವಳ ಸೊಂಟದಲ್ಲೇ ಇತ್ತು. ಆನವಟ್ಟಿಯವರೆಗೆ ಬಸ್ಸಲ್ಲಿ ಹೋಗಲು ಕಾಲು ಬಂದಿತ್ತು, ಒಂದು ಬಟನ್ ಒತ್ತಲು ಕೈ ಬಂದಿರಲಿಲ್ಲ.

“ಅದಲ್ಲ,” ಎಂದಳು. “ನಾನು ಲೋಕಮ್ಮನ್ನ ಕೇಳೋದಾ, ಅನ್ನಿಸ್ತು.”

ಲೋಕಮ್ಮ ಬೈಯಲಿಲ್ಲ. ತಿರುಗಿ ಬಲೆ ಬಿಡಿಸಲು ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹೊಂಡದ ಮಾತು ನನಗೆ ಬಿಡು. ತಪ್ಪು ನಂದು ಅಂತ ನಮ್ಮ ಮನೆಯವರಿಗೆ ನಾನೇ ಹೇಳ್ತೀನಿ. ಶುಂಠಿ ಗಿಂಠಿ ಅಂದ್ರೆ ನಾನಿದೀನಿ,” ಎಂದಳು ಅಕ್ಕನಾಗಮ್ಮ. ಲೋಕಮ್ಮ ಬಲೆ ಬಿಡಿಸುತ್ತಲೇ ಇದ್ದಳು. “ನಾಳೆ ಹೋಗ್ತೀಯಲ್ಲ. ಬೇರೆ ಯಾರಿಗಾದ್ರೂ ಒಪ್ಪಿಸಿ ಹೋಗು. ನಾನೇನೂ ಅಂದ್ಕಳಲ್ಲ.”

“ಬೇರೆ ಯಾರದಾರೆ ನನಗೆ?” ಎಂದಳು ಲೋಕಮ್ಮ, ತಲೆ ಎತ್ತದೆ.

ಬಲೆಯ ಕಣ್ಣಿನಲ್ಲಿ ಒಂದು ಸೀಗಡಿ ಸಿಕ್ಕಿಕೊಂಡಿತ್ತು. ಆಗಷ್ಟೇ ಚಿಪ್ಪು ಬಿಟ್ಟದ್ದು, ಅಲುಗಾಡಲೂ ತ್ರಾಣವಿರಲಿಲ್ಲ. ಉಳಿದವುಗಳ ಜೊತೆ ಬಿಟ್ಟರೆ ಉಳಿಯುವುದಿಲ್ಲವೆಂದು ಲೋಕಮ್ಮ ಅದನ್ನು ಬಿಡಿಸಿ, ಹಾಕಲು ಬಕೆಟ್ಟು ಎಲ್ಲಿದೆಯೆಂದು ಹುಡುಕಿದಳು. ಬಕೆಟ್ಟು ದಂಡೆಯ ಆಚೆಗಿತ್ತು. ಅಕ್ಕನಾಗಮ್ಮ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗೆ ಬಂದು ಬೊಗಸೆ ಒಡ್ಡಿದಳು. ಲೋಕಮ್ಮ ಒಂದು ಗಳಿಗೆ ತಡೆದು, ಬೊಗಸೆಯಲ್ಲಿ ನೀರು ತುಂಬಿಸಿ ಅದನ್ನು ಇಟ್ಟಳು.

ಅದು ಅಂಗೈಗೆ ಒತ್ತಿಕೊಂಡು ಮಲಗಿತು. ಹುಟ್ಟಿದ ಕರುವಿನ ಕಿವಿಯಷ್ಟು ಮೆತ್ತಗಿತ್ತು. ಅಕ್ಕನಾಗಮ್ಮ ಈ ಸಲ ಕೈ ಬಿಟ್ಟು ಓಡಲಿಲ್ಲ.

“ಲೋಕಮ್ಮಾ,” ಎಂದಳು. “ಇದಕ್ಕೆ ಹಸಿವಾದ್ರೆ ನನಗೆ ಹೆಂಗ ಗೊತ್ತಾಗ್ತತಿ? ನನಗೇನೂ ತಿಳಿಯಲ್ಲ. ಹೇಳ್ಕೊಡು.”

ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ಲೋಕಮ್ಮ ಕೇಳಿರಲಿಲ್ಲ. ಅವಳು ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿರ ಬಂದು, ಅಕ್ಕನಾಗಮ್ಮನ ಬೆರಳುಗಳ ಸಂದಿಯಿಂದ ನೀರು ಸೋರದಂತೆ ತನ್ನ ಕೈಗಳನ್ನು ಕೆಳಗೆ ಹಿಡಿದು, ಮೊದಲಿಂದ ಹೇಳತೊಡಗಿದಳು.